ಕಾವೇರಿಗೆ ಬಿಳಿಮೀನು ಮರಿ ಬಿಡುವ ಮುಂಚೆ ಡಿಎನ್‌ಎ ಪರೀಕ್ಷೆ: ಏನು, ಎಷ್ಟು, ಯಾವ ಕ್ರಮದಲ್ಲಿ?

ಹೊಳೆಸಾಲು (ಪ್ರಶ್ನೆ)

ಶಿವನಸಮುದ್ರದಿಂದ ಕೆಳಗೆ, ಭೀಮೇಶ್ವರಿ, ಗಾಳಿಬೋರೆ ಕಡೆಯ ಕಾವೇರಿಯಲ್ಲಿ ಬಿಳಿಮೀನು (ಮಹಶೀರ್) ಮರಿ ಬಿಡುವ ಯೋಜನೆಯೊಂದು ಚರ್ಚೆಯಲ್ಲಿದೆ. ಮೀನುಗಾರಿಕೆ ಹೆಚ್ಚಿಸುವುದು ಇದರ ಗುರಿಯಲ್ಲ. ಡುಬ್ಬದ ಬಿಳಿಮೀನು, ಅಂದರೆ ಟಾರ್ ರೆಮಾದೇವಿ, ಹೊಳೆಯಲ್ಲಿ ಮತ್ತೆ ತಾನಾಗಿ ಮರಿ ಮಾಡುವ ಸ್ಥಿತಿಗೆ ಬರಬೇಕು. ಹ್ಯಾಚರಿಯೊಂದರಿಂದ 20,000 ಬೆರಳುದ್ದದ ಮರಿ ಸಿಗುತ್ತದೆ, ಆದರೆ ಚೀಟಿಯಲ್ಲಿ ಬರೆದಿರುವುದು "ಕಾವೇರಿ ಮಹಶೀರ್" ಅಂತ ಮಾತ್ರ.

ಈ ಮರಿ ಯಾವ ಜಾತಿಯದು ಅಂತ ಒಂದು ಡಿಎನ್‌ಎ ಬಾರ್‌ಕೋಡ್ ಪರೀಕ್ಷೆಯಿಂದ ಖಚಿತವಾಗುತ್ತದೆಯೇ? ನಾವೇ ತಾಯಿಮೀನು (ಮರಿ ತೆಗೆಯಲು ಇಟ್ಟುಕೊಳ್ಳುವ ಗಂಡು, ಹೆಣ್ಣು ಮೀನು) ಸಾಕುವುದಾದರೆ ಎಷ್ಟು ಬೇಕು? ಗಂಡಿನ ಹಾಲು (ವೀರ್ಯ) ಧಾರಾಳ ಸಿಗುವುದರಿಂದ 18 ಹೆಣ್ಣಿಗೆ 2 ಗಂಡು ಸಾಕು ಅನ್ನುವ ಸಲಹೆ ಬಂದಿದೆ. ಮೋಯಾರ್ ಹೊಳೆಯ ಮೀನನ್ನು ಕಾವೇರಿ ಮೀನಿನ ಜೊತೆ ಕೂಡಿಸಬಹುದೇ? ಬಿಟ್ಟ ಮರಿ ಬದುಕಿತೋ ಇಲ್ಲವೋ ಅನ್ನುವುದನ್ನು ಐದಾರು ವರ್ಷದ ನಂತರ ಹೇಗೆ ಪತ್ತೆ ಮಾಡುವುದು?

ಈಜುರೆಕ್ಕೆ

ಆ 20,000 ಮರಿಯನ್ನು ಸದ್ಯಕ್ಕೆ ತಡೆಹಿಡಿಯಿರಿ. "ಕಾವೇರಿ ಮಹಶೀರ್" ಅನ್ನುವುದು ಜಾತಿಯ ಹೆಸರಲ್ಲ. ಹ್ಯಾಚರಿಗಳಲ್ಲಿ ಸುಲಭವಾಗಿ ಸಿಗುವುದು ನೀಲಿ ರೆಕ್ಕೆಯ ಟಾರ್ ಖುದ್ರಿ. ಸೈಕ್ಸ್ 1839ರಲ್ಲಿ ಅದನ್ನು ವಿವರಿಸಿದ್ದು ಪುಣೆ ಹತ್ತಿರದ ಮುಳಾ-ಮುಠಾದಿಂದ, ಅಂದರೆ ಕೃಷ್ಣಾ ಕೊಳ್ಳದಿಂದ. ಲೋನಾವಳದ ಟಾಟಾ ಹ್ಯಾಚರಿಯಲ್ಲಿ 1970ರ ದಶಕದಿಂದ ಅದರ ಮರಿ ತೆಗೆದು ಹಲವು ಹೊಳೆಗಳಿಗೆ ಬಿಟ್ಟರು, ಕಾವೇರಿಗೂ ಬಂತು. ಬಿಟ್ಟವರ ಮನಸ್ಸು ಒಳ್ಳೆಯದೇ ಇತ್ತು. ಆದರೆ ಡುಬ್ಬದ ಮೀನಿಗೆ ಆಗ ಒಂದು ಖಚಿತ ವೈಜ್ಞಾನಿಕ ಹೆಸರು ಕೂಡ ಇರಲಿಲ್ಲ. ಕೇರಳದ ಪಾಂಬಾರ್‌ನಿಂದ ವಿವರಿಸಿದ್ದ ಟಾರ್ ರೆಮಾದೇವಿಯೇ ಕಾವೇರಿಯ ಡುಬ್ಬದ ಮೀನು ಅಂತ ಸಾಬೀತಾದದ್ದು 2018ರಲ್ಲಿ, ಮೋಯಾರ್‌ನಲ್ಲಿ ಸಿಕ್ಕ ಮೀನುಗಳಿಂದ. ಅದೇ ವರ್ಷ ಐಯುಸಿಎನ್ ಅದನ್ನು ತೀವ್ರ ಅಪಾಯದ ವರ್ಗಕ್ಕೆ ಸೇರಿಸಿತು. ಗಾಳಿಬೋರೆಯ ಗಾಳದ ದಾಖಲೆಗಳು 1998ರಿಂದ 2012ರವರೆಗೆ ಇವೆ. ನೀಲಿ ರೆಕ್ಕೆಯದು ಏರುತ್ತಾ ಹೋಗಿದೆ, ಡುಬ್ಬದ್ದು ಇಳಿಯುತ್ತಾ ಬಂದಿದೆ. ಇಳಿಯುವಾಗ ಸಿಕ್ಕ ಡುಬ್ಬದ ಮೀನೆಲ್ಲ ದೊಡ್ಡ ದೊಡ್ಡವು. ಹಳೆಯವು ಬದುಕಿದ್ದವು, ಮರಿ ಮೇಲೆ ಬರುತ್ತಿರಲಿಲ್ಲ ಅಂತ ಇದರ ಅರ್ಥ.

ಈಗ ಬಾರ್‌ಕೋಡ್ ವಿಷಯ. ಕಾಕ್ಸ್-1 ಜೀನಿನ ಸುಮಾರು 650 ಅಕ್ಷರ ಓದಿದರೆ ತಾಯಿಯ ಜಾತಿ ಗೊತ್ತಾಗುತ್ತದೆ, ಅಷ್ಟೇ. ಈ ಜೀನ್ ಇರುವುದು ಜೀವಕೋಶದ ಮೈಟೊಕಾಂಡ್ರಿಯಾದಲ್ಲಿ, ಅದು ತಾಯಿಯಿಂದ ಮಾತ್ರ ಬರುತ್ತದೆ. ಖುದ್ರಿ ಗಂಡು, ರೆಮಾದೇವಿ ಹೆಣ್ಣು ಕೂಡಿದ ಮರಿಯ ಬಾರ್‌ಕೋಡ್ ಅಚ್ಚುಕಟ್ಟಾಗಿ "ರೆಮಾದೇವಿ" ಅಂತಲೇ ಬರುತ್ತದೆ. ಅದನ್ನು ನಂಬಿ ತಾಯಿಮೀನಿನ ಕೊಳಕ್ಕೆ ಬಿಟ್ಟರೆ ಮಿಶ್ರತಳಿಯನ್ನು ನಾವೇ ಸಾಕಿದ ಹಾಗೆ. ಆದ್ದರಿಂದ ಬಾರ್‌ಕೋಡನ್ನು ಮೊದಲ ಜರಡಿಯಾಗಿ ಮಾತ್ರ ಬಳಸಿ. ಅಲ್ಲಿ ಖುದ್ರಿ ಅಂತ ಬಂದದ್ದನ್ನು ಅಲ್ಲೇ ಕೈಬಿಡಿ. ರೆಮಾದೇವಿ ಅಂತ ಬಂದದ್ದನ್ನು ಕೋಶಕೇಂದ್ರದ ಮಾರ್ಕರುಗಳಿಗೆ, ಅಂದರೆ ತಂದೆತಾಯಿ ಇಬ್ಬರಿಂದಲೂ ಬರುವ ಗುರುತುಗಳಿಗೆ, ಹಾಕಿ.

ಎಷ್ಟು ಮಾರ್ಕರು ಬೇಕು ಅನ್ನುವುದು ಸರಳ ಲೆಕ್ಕ. ಒಂದೇ ಅಕ್ಷರ ಬದಲಾಗುವ ಡಿಎನ್‌ಎ ಜಾಗಕ್ಕೆ ಸ್ನಿಪ್ ಅನ್ನುತ್ತಾರೆ. ಎರಡು ಜಾತಿಯಲ್ಲಿ ಪೂರ್ತಿ ಬೇರೆಯಾಗಿರುವ ಸ್ನಿಪ್‌ಗಳನ್ನು ಆರಿಸಿದ್ದೇವೆ ಅಂದುಕೊಳ್ಳಿ. ಮೊದಲ ತಲೆಮಾರಿನ ಮಿಶ್ರತಳಿ ಎಲ್ಲ ಜಾಗದಲ್ಲೂ ಎರಡೂ ಅಕ್ಷರ ತೋರಿಸುತ್ತದೆ, ಅದನ್ನು ಹಿಡಿಯಲು ನಾಲ್ಕೈದು ಸಾಕು. ಅದು ರೆಮಾದೇವಿಯ ಜೊತೆಗೇ ಎರಡು ಸಲ ಮರಳಿ ಕೂಡಿದ್ದರೆ ಒಂದೊಂದು ಜಾಗದಲ್ಲಿ ಬೆರಕೆ ಕಾಣುವ ಸಾಧ್ಯತೆ ನಾಲ್ಕರಲ್ಲಿ ಒಂದು. ನೂರಕ್ಕೆ ಒಂದಕ್ಕಿಂತ ಹೆಚ್ಚು ತಪ್ಪಿಸಿಕೊಳ್ಳಬಾರದು ಅಂದರೆ 17 ಬೇಕು. ಮೂರು ಸಲ ಮರಳಿ ಕೂಡಿದ್ದಕ್ಕೆ 35. ಇವೆಲ್ಲ ಬೇರೆ ಬೇರೆ ಕ್ರೋಮೋಸೋಮಿನಲ್ಲಿ ಹರಡಿರಬೇಕು, ಒಂದರ ಪಕ್ಕ ಒಂದಿದ್ದರೆ ಹತ್ತು ಮಾರ್ಕರೂ ಒಂದರಷ್ಟೇ ಹೇಳುತ್ತವೆ. ಹಾಳಾಗುವವನ್ನೂ ಲೆಕ್ಕಕ್ಕೆ ತೆಗೆದುಕೊಂಡು 60ರಿಂದ 100 ಸ್ನಿಪ್‌ಗಳ ಫಲಕ (ಒಟ್ಟಿಗೆ ಪರೀಕ್ಷಿಸುವ ಗುಚ್ಛ) ಮಾಡಿಸುವುದು ಕ್ಷೇಮ.

ಲ್ಯಾಬಿನವರಿಗೆ ತಪ್ಪದೆ ಹೇಳಬೇಕಾದ ಇನ್ನೊಂದು ಮಾತಿದೆ. ಟಾರ್ ಕುಲಕ್ಕೆ ಕಾಮನ್ ಕಾರ್ಪ್‌ನಂತೆ 100 ಕ್ರೋಮೋಸೋಮು. ಹಿಂದೊಮ್ಮೆ ಇಡೀ ಜೀನೋಮ್ ಇಮ್ಮಡಿಯಾದ ಕುಲ ಇದು. ಹಾಗಾಗಿ ಒಂದೇ ಜಾಗ ಅಂತ ತೋರುವುದು ಎಷ್ಟೋ ಸಲ ಎರಡು ಅವಳಿ ಜಾಗ. ಅಲ್ಲಿ ಪ್ರತಿ ಮೀನೂ ಬೆರಕೆಯಂತೆ ಕಾಣುತ್ತದೆ. ಎಲ್ಲ ಮೀನಿನಲ್ಲೂ ಎರಡಕ್ಷರ ತೋರಿಸುವ, ಎರಡು ಅಕ್ಷರಗಳ ಓದು 50:50ರ ಹತ್ತಿರ ನಿಲ್ಲದ ಸ್ನಿಪ್‌ಗಳನ್ನು ಮೊದಲೇ ತೆಗೆದುಹಾಕದಿದ್ದರೆ ಶುದ್ಧ ಮೀನನ್ನೂ ಮಿಶ್ರತಳಿ ಅಂತ ಬರೆದು ಕಳಿಸುತ್ತಾರೆ.

ಮಾದರಿಗೆ ಮೀನು ಕೊಲ್ಲಬೇಕಿಲ್ಲ. ಹೊಟ್ಟೆಯ ಈಜುರೆಕ್ಕೆಯ ತುದಿಯಿಂದ ಕಡಲೆಬೇಳೆಯಷ್ಟು, 5 ಮಿ.ಮೀ. ಚೂರು ಸಾಕು. ಒಂದು ಮೀನಿಗೂ ಇನ್ನೊಂದಕ್ಕೂ ನಡುವೆ ಕತ್ತರಿಯನ್ನು ಒರೆಸಿ, ಬ್ಲೀಚ್ ನೀರಿನಲ್ಲಿ ಅದ್ದಿ, ತೊಳೆಯಬೇಕು. ಚೂರಿನ ಹತ್ತರಷ್ಟು ಪ್ರಮಾಣದ 95 ಶೇಕಡ ಎಥನಾಲ್ ಇರಲಿ, 24 ಗಂಟೆಯ ನಂತರ ಒಮ್ಮೆ ಬದಲಿಸಿ. ಫಾರ್ಮಲಿನ್ ಬೇಡವೇ ಬೇಡ, ಡಿಎನ್‌ಎ ಅಂಟಿಕೊಂಡು ತುಂಡಾಗುತ್ತದೆ. ಅಂಗಡಿಯ ಡಿನೇಚರ್ಡ್ ಸ್ಪಿರಿಟ್ ಕೂಡ ಬೇಡ. ಆ ಭಾಗ ಕಾವೇರಿ ವನ್ಯಜೀವಿಧಾಮದ ಒಳಗೆ ಬರುವುದರಿಂದ ರೆಕ್ಕೆ ಚೂರಿಗೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು.

ಇನ್ನೊಂದು: 1970ಕ್ಕೆ ಮುಂಚಿನ ಒಣಗಿಸಿದ ಬಿಳಿಮೀನು ಯಾರ ಗೋಡೆಯ ಮೇಲಾದರೂ ಇದ್ದರೆ ಅದರ ಒಂದು ಹುರುಪೆ ಚಿನ್ನಕ್ಕೆ ಸಮ. ಕಬಿನಿಯಲ್ಲಿ 1946ರಲ್ಲಿ ವಾನ್ ಇಂಗೆನ್ ಹಿಡಿದ 120 ಪೌಂಡಿನ ಮೀನಿನ ಕಾಲಕ್ಕೆ ಈ ಹೊಳೆಗೆ ಹೊರಗಿನ ಮರಿ ಬಿದ್ದಿರಲಿಲ್ಲ. ಒಣ ಹುರುಪೆಯಲ್ಲಿ ಡಿಎನ್‌ಎ ದಶಕಗಟ್ಟಲೆ ಉಳಿಯುತ್ತದೆ. ಮಿಶ್ರಣಕ್ಕೆ ಮುಂಚಿನ ರೆಮಾದೇವಿ ಹೇಗಿತ್ತು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಅಳತೆಗೋಲು ಬೇರೆ ಸಿಗುವುದಿಲ್ಲ.

ತಳಿಲೆಕ್ಕ

18 ಹೆಣ್ಣಿಗೆ 2 ಗಂಡು ಅನ್ನುವ ಸಲಹೆಯನ್ನು ದಯವಿಟ್ಟು ಒಪ್ಪಬೇಡಿ. ಕೊಳದಲ್ಲಿ 20 ಮೀನು ಕಾಣುತ್ತದೆ, ತಳಿಯ ಲೆಕ್ಕದಲ್ಲಿ ಅಷ್ಟಿಲ್ಲ. ಪರಿಣಾಮಕಾರಿ ಸಂಖ್ಯೆ (ತಳಿಯ ವೈವಿಧ್ಯದ ಲೆಕ್ಕದಲ್ಲಿ ನಿಜವಾಗಿ ಎಷ್ಟು ಮೀನಿಗೆ ಸಮ ಅನ್ನುವುದು) = 4 × ಗಂಡು × ಹೆಣ್ಣು ÷ (ಗಂಡು + ಹೆಣ್ಣು). 4 × 2 × 18 ÷ 20, ಅಂದರೆ 7.2. ಒಂದೇ ತಲೆಮಾರಿಗೆ ಒಳಸಂಬಂಧ ಶೇ. 6.9ರಷ್ಟು ಏರುತ್ತದೆ. ಅದೇ 20 ಮೀನು ಹತ್ತು ಗಂಡು, ಹತ್ತು ಹೆಣ್ಣು ಆಗಿದ್ದರೆ ಸಂಖ್ಯೆ 20, ಏರಿಕೆ ಶೇ. 2.5.

ಇಲ್ಲಿಗೇ ನಿಲ್ಲುವುದಿಲ್ಲ. ಹತ್ತು ಜೋಡಿಯೂ ಸಮನಾಗಿ ಮರಿ ಕೊಡುವುದಿಲ್ಲ, ಒಂದು ಜೋಡಿಯಿಂದ 6,000, ಇನ್ನೊಂದರಿಂದ 200 ಬರಬಹುದು. ಎಲ್ಲವನ್ನೂ ಒಂದೇ ತೊಟ್ಟಿಗೆ ಸುರಿದು ಬಿಟ್ಟರೆ 20 ಇದ್ದದ್ದು ಆರೇಳಕ್ಕೆ ಇಳಿದೀತು. ಬದಲಿಗೆ ಪ್ರತಿ ಜೋಡಿಯ ಮರಿ ಬೇರೆ ತೊಟ್ಟಿಯಲ್ಲಿ ಬೆಳೆಸಿ, ಪ್ರತಿಯೊಂದರಿಂದ ಸಮ ಸಂಖ್ಯೆ, ಉದಾಹರಣೆಗೆ 200, ಎಣಿಸಿ ಬಿಟ್ಟರೆ ಅದೇ 20 ಮೀನು 39ರಷ್ಟು ಕೆಲಸ ಮಾಡುತ್ತವೆ. ಒಂದು ಜೋಡಿಯ ಉಳಿದ 5,800 ಮರಿಯನ್ನು ಹೊಳೆಗೆ ಬಿಡದಿರುವುದು ಹೊಟ್ಟೆ ಉರಿಸುತ್ತದೆ, ನಿಜ. ಆದರೂ ಬಿಡಬಾರದು. ನಮ್ಮಲ್ಲಿ ಯಶಸ್ಸನ್ನು "ಇಷ್ಟು ಲಕ್ಷ ಮರಿ ಬಿತ್ತನೆ" ಅಂತಲೇ ಅಳೆಯುವ ರೂಢಿ ಇರುವುದರಿಂದ ಈ ಹಂತದಲ್ಲೇ ಹೆಚ್ಚಿನ ಯೋಜನೆಗಳು ಕೆಡುತ್ತವೆ.

ಮೊದಲ ತಾಯಿಮೀನು ಎಷ್ಟು ಅನ್ನುವುದಕ್ಕೆ: ಹೊಳೆಯಲ್ಲಿ ನೂರಕ್ಕೆ ಐದರಷ್ಟಿರುವ ಒಂದು ಜೀನ್ ರೂಪ ನಮ್ಮ ಕೊಳಕ್ಕೂ ಬರಬೇಕು, ಅದಕ್ಕೆ ಶೇ. 95 ಭರವಸೆ ಬೇಕು ಅಂದರೆ ಒಂದಕ್ಕೊಂದು ಸಂಬಂಧವಿಲ್ಲದ 30 ಮೀನು. ನೂರಕ್ಕೆ ಒಂದರಷ್ಟಿರುವುದಕ್ಕೆ 150. ರೆಮಾದೇವಿಯ ಮಟ್ಟಿಗೆ 30 ಸಿಕ್ಕರೇ ಪುಣ್ಯ. ಅದಕ್ಕೂ ಒಂದೇ ಮಡುವಿನಲ್ಲಿ, ಒಂದೇ ದಿನ ಹಿಡಿಯಬೇಡಿ, ಅಣ್ಣತಮ್ಮಂದಿರೇ ಸಿಕ್ಕಾರು.

ಇನ್ನು ಹೊಳೆಯಲ್ಲಿ ಉಳಿದಿರುವ ಕಾಡುಮೀನಿನ ಮೇಲೆ ಏನಾಗುತ್ತದೆ ನೋಡಿ. ಇದನ್ನು ರೈಮನ್ ಮತ್ತು ಲೈಕ್ರೆ 1991ರಲ್ಲೇ ಲೆಕ್ಕ ಹಾಕಿ ತೋರಿಸಿದ್ದಾರೆ. ಹೊಳೆಯ ಪರಿಣಾಮಕಾರಿ ಸಂಖ್ಯೆ 100, ಹ್ಯಾಚರಿಯದು 10 ಅಂದುಕೊಳ್ಳಿ. ಮುಂದಿನ ತಲೆಮಾರಿನ ಶೇ. 80 ಮೀನು ಹ್ಯಾಚರಿಯಿಂದಲೇ ಬಂದರೆ ಒಟ್ಟು ಸಂಖ್ಯೆ 110 ಆಗುವುದಿಲ್ಲ, 15.5ಕ್ಕೆ ಕುಸಿಯುತ್ತದೆ. ಹೊಳೆ ತುಂಬ ಮೀನು, ಎಲ್ಲವೂ ದಾಯಾದಿಗಳು. ಹ್ಯಾಚರಿಯ ಪಾಲು ಶೇ. 10ರ ಆಸುಪಾಸು ಇದ್ದರೆ ಮಾತ್ರ 110. ಅಂದರೆ ಎಷ್ಟು ಬಿಡಬೇಕು ಅನ್ನುವುದು ತೊಟ್ಟಿಯಲ್ಲಿ ಎಷ್ಟಿದೆ ಅನ್ನುವುದರ ಮೇಲೆ ನಿಂತಿಲ್ಲ, ಎಷ್ಟು ತಂದೆತಾಯಿ ಇದ್ದರು ಅನ್ನುವುದರ ಮೇಲೆ ನಿಂತಿದೆ.

ಮೋಯಾರ್ ಪ್ರಶ್ನೆಗೆ: ಮೋಯಾರ್ ನೀರು ಭವಾನಿಸಾಗರಕ್ಕೆ ಬಿದ್ದು, ಭವಾನಿಯಾಗಿ, ಮೆಟ್ಟೂರಿನ ಕೆಳಗೆ ಕಾವೇರಿ ಸೇರುತ್ತದೆ. ಮೆಟ್ಟೂರು ಅಣೆ ಮುಗಿದದ್ದು 1934ರಲ್ಲಿ, ಭವಾನಿಸಾಗರ 1955ರಲ್ಲಿ. ಬಿಳಿಮೀನು ನಿಧಾನ ಬಲಿಯುವ, ದೀರ್ಘಾಯುಷಿ ಮೀನು, ಇಷ್ಟರಲ್ಲಿ ಹೆಚ್ಚು ತಲೆಮಾರು ಕಳೆದಿಲ್ಲ. ಲ್ಯಾಬಿನ ವರದಿಯಲ್ಲಿ ಎರಡೂ ಕಡೆಯ ಮೀನಿನ ನಡುವೆ ಎಫ್‌ಎಸ್‌ಟಿ (ಎರಡು ಗುಂಪು ತಳಿಯಲ್ಲಿ ಎಷ್ಟು ಬೇರೆ ಅನ್ನುವ ಅಂಕಿ) ಜಾಸ್ತಿ ಬಂತು ಅಂತ "ಇವು ಬೇರೆ ತಳಿ, ಕೂಡಿಸಬೇಡಿ" ಅಂತ ತಕ್ಷಣ ತೀರ್ಮಾನಿಸಬೇಡಿ. ಸಣ್ಣ ಗುಂಪು ಅಣೆಕಟ್ಟಿನ ಹಿಂದೆ ಸಿಕ್ಕಿಕೊಂಡರೆ ಜೀನ್ ರೂಪಗಳು ಆಕಸ್ಮಿಕವಾಗಿ ಕಳೆದುಹೋಗಿಯೇ ಆ ಅಂಕಿ ಏರುತ್ತದೆ. ಮೈಟೊಕಾಂಡ್ರಿಯಾದ ಹ್ಯಾಪ್ಲೊಟೈಪುಗಳು (ತಾಯಿಯಿಂದ ಬರುವ ಡಿಎನ್‌ಎಯ ಬೇರೆ ಬೇರೆ ರೂಪಗಳು) ಎರಡೂ ಕಡೆ ಒಂದೇ ಆಗಿದ್ದು, ಪ್ರತಿ ಗುಂಪಿನ ಒಳಗಿನ ವೈವಿಧ್ಯ ಕಡಿಮೆ ಇದ್ದರೆ ಅದು ಆಕಸ್ಮಿಕ ನಷ್ಟದ ಲಕ್ಷಣ, ಅಲ್ಲಿ ಕೂಡಿಸುವುದೇ ಔಷಧಿ. ಎರಡೂ ಕಡೆ ಪೂರ್ತಿ ಬೇರೆಯದೇ ಹ್ಯಾಪ್ಲೊಟೈಪು ಕವಲುಗಳು ಕಂಡರೆ ಮಾತ್ರ ತಡೆಯಿರಿ.

ಹೊಳೆಸಾಲು

ಲೆಕ್ಕ ಅರ್ಥವಾಯಿತು. ಒಂದು ವೇಳೆ ಪರೀಕ್ಷೆಯಲ್ಲಿ ಶುದ್ಧ ಅಂತ ಬರುವುದು ಎಂಟೇ ಮೀನು ಆದರೆ? 5 ಹೆಣ್ಣು, 3 ಗಂಡು ಅಂದುಕೊಳ್ಳಿ. ಕೈಬಿಡುವುದೇ?

ತಳಿಲೆಕ್ಕ

ಕೈಬಿಡಬಾರದು. ಅಮೆರಿಕದ ಇಡಾಹೋ ರಾಜ್ಯದ ರೆಡ್‌ಫಿಶ್ ಸರೋವರದ ಸಾಕೈ ಸಾಲ್ಮನ್ ಕಥೆ ಇದಕ್ಕಿಂತ ಕಷ್ಟದ್ದು. 1991ರಿಂದ 1998ರವರೆಗೆ ಸಮುದ್ರದಿಂದ ಮರಳಿದ್ದು ಒಟ್ಟು 16 ಮೀನು, 1992ರಲ್ಲಿ ಬಂದದ್ದು ಒಂದೇ ಒಂದು ಗಂಡು. ಎಲ್ಲವನ್ನೂ ಒಳಗೆ ತಂದರು. ಯಾವ ಹೆಣ್ಣಿಗೆ ಯಾವ ಗಂಡು ಅಂತ ಡಿಎನ್‌ಎ ನೋಡಿ ಪ್ರತಿ ವರ್ಷ ಪಟ್ಟಿ ಮಾಡಿದರು, ಮೊದಲ ಮೀನುಗಳಲ್ಲಿದ್ದ ವೈವಿಧ್ಯದ ಸುಮಾರು ಶೇ. 95 ಉಳಿಸಿಕೊಂಡರು. ಒಂದು ಕಡೆ ರೋಗವೋ ಪಂಪ್ ವೈಫಲ್ಯವೋ ಬಂದರೂ ಇನ್ನೊಂದು ಕಡೆ ಉಳಿಯಲಿ ಅಂತ ಎರಡು ರಾಜ್ಯಗಳಲ್ಲಿ ಎರಡು ಗುಂಪು ಸಾಕಿದರು. ಈ ಎರಡನೆಯದನ್ನು ನಾವು ಸದಾ ಮರೆಯುತ್ತೇವೆ.

ನಿಮ್ಮ ಎಂಟು ಮೀನಿಗೆ ಪೂರ್ಣ ಜಾಲ ಮಾಡಿ: ಪ್ರತಿ ಹೆಣ್ಣಿನ ಮೊಟ್ಟೆ ಮೂರು ಪಾಲು, ಪ್ರತಿ ಪಾಲಿಗೆ ಒಂದು ಗಂಡು, ಒಟ್ಟು 15 ಕುಟುಂಬ. ಒಂದು ಗಂಡಿನ ಹಾಲು ಕೆಟ್ಟಿದ್ದರೂ ಯಾವ ಹೆಣ್ಣಿನ ವಂಶವೂ ಪೂರ್ತಿ ನಷ್ಟವಾಗುವುದಿಲ್ಲ. ಮೊದಲ ಎರಡು ಮೂರು ವರ್ಷ ಹೊಳೆಗೆ ಬಿಡದೆ ಈ ಮರಿಗಳಿಂದಲೇ ತಾಯಿಮೀನಿನ ಗುಂಪು ಕಟ್ಟಿ. ಆಮೇಲೆ ಜೋಡಿ ಮಾಡುವಾಗ ಸರಾಸರಿ ಬಂಧುತ್ವ ಅತಿ ಕಡಿಮೆ ಇರುವವಕ್ಕೆ ಮೊದಲ ಸರದಿ. ಕ್ಯಾಲಿಫೋರ್ನಿಯಾದ ಡೆಲ್ಟಾ ಸ್ಮೆಲ್ಟ್ ಮೀನನ್ನು 2008ರಿಂದ ಹೀಗೇ ಸಾಕುತ್ತಿದ್ದಾರೆ. ಪ್ರತಿ ತಂದೆತಾಯಿಯ ರೆಕ್ಕೆ ಚೂರು, ಪ್ರತಿಯೊಂದಕ್ಕೂ ಸಂಖ್ಯೆಯ ಟ್ಯಾಗು, ಬಂಧುತ್ವ ನೋಡಿ ಜೋಡಿ. ಪ್ರಯೋಗಕ್ಕೆಂದು ಹೊಳೆಗೆ ಮೊದಲು ಬಿಟ್ಟದ್ದು 2021ರ ಡಿಸೆಂಬರಿನಲ್ಲಿ. ಅಷ್ಟು ಕಾದರು.

ಗಂಡಿನ ಹಾಲನ್ನು ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿಯಲ್ಲಿ ಇಡಿಸುವುದೂ ಮುಖ್ಯ. ಲಖನೌದ ಎನ್‌ಬಿಎಫ್‌ಜಿಆರ್ (ಮೀನಿನ ತಳಿ ಸಂಪನ್ಮೂಲಗಳ ರಾಷ್ಟ್ರೀಯ ಸಂಸ್ಥೆ) ಮಹಶೀರ್ ಹಾಲಿಗೆ ವಿಧಾನ ರೂಪಿಸಿದೆ.

ಮೊಟ್ಟೆತಟ್ಟೆ

ಹ್ಯಾಚರಿ ಕಡೆಯಿಂದ ಒಂದೆರಡು ಮಾತು, ಕಾಗದದ ಮೇಲಿನ ಜಾಲ ತೊಟ್ಟಿಯ ಪಕ್ಕದಲ್ಲಿ ಕೆಡುವ ಜಾಗಗಳು ಇವೇ.

ಒಂದು, ಮೂರು ಗಂಡಿನ ಹಾಲನ್ನು ಒಂದೇ ಬಟ್ಟಲಿನಲ್ಲಿ ಕಲಸಿ ಮೊಟ್ಟೆಗೆ ಹಾಕುವ ಅಭ್ಯಾಸ. ನೋಡುವುದಕ್ಕೆ ನ್ಯಾಯವಾಗಿದೆ. ಆದರೆ ಚುರುಕು ಹಾಲಿನ ಗಂಡೊಂದೇ ಹೆಚ್ಚಿನ ಮೊಟ್ಟೆ ಫಲಿಸಿಬಿಡುತ್ತದೆ, ಪಟ್ಟಿಯಲ್ಲಿ ಮೂವರು ತಂದೆ, ತೊಟ್ಟಿಯಲ್ಲಿ ಒಬ್ಬನೇ. ಮೊಟ್ಟೆಯನ್ನು ಪಾಲು ಮಾಡಿ, ಹಾಲನ್ನು ಕಲಸಬೇಡಿ. ಒಂದಾದ ಮೇಲೊಂದು ಗಂಡಿನ ಹಾಲನ್ನು ಒಂದೇ ಬಟ್ಟಲಿಗೆ ಹಿಂಡುವುದೂ ಅಷ್ಟೇ, ಮೊದಲು ಬಿದ್ದವನಿಗೇ ಲಾಭ.

ಎರಡು, ನೀರು. ಹಾಲಿಗೆ ನೀರು ತಾಗಿದ ಕ್ಷಣ ವೀರ್ಯಾಣು ಓಡಲು ಶುರು ಮಾಡಿ, ಸುಮಾರು ಒಂದು ನಿಮಿಷದಲ್ಲಿ ಸುಸ್ತಾಗುತ್ತದೆ. ಮೀನಿನ ಹೊಟ್ಟೆ, ಬಾಲ, ನಿಮ್ಮ ಅಂಗೈ ಎಲ್ಲ ಒಣಬಟ್ಟೆಯಿಂದ ಒರೆಸಿರಬೇಕು. ಹಿಂಡುವಾಗ ಮೊದಲು ಬರುವ ಒಂದೆರಡು ಹನಿಯಲ್ಲಿ ಮೂತ್ರ ಇರುತ್ತದೆ, ಅದನ್ನು ಆಚೆ ಚೆಲ್ಲಿ. ಹಾಲು ಕೆನೆಯಂತೆ ದಟ್ಟ ಬಿಳಿ ಇದ್ದರೆ ಸರಿ, ನೀರುಮಜ್ಜಿಗೆಯಂತಿದ್ದರೆ ಆಗಲೇ ಕೆಟ್ಟಿದೆ. ಹಳದಿ ಮೊಟ್ಟೆಯ ಮೇಲೆ ಹಾಲು ಹಾಕಿ ಕೋಳಿಗರಿಯಿಂದ ಮೆಲ್ಲಗೆ ಸವರಿ ಕಲಸಿ, ಆಮೇಲೆ ಮಾತ್ರ ನೀರು. ಗರಿಯನ್ನು ಪಾಲಿನಿಂದ ಪಾಲಿಗೆ ಬದಲಿಸಬೇಕು, ಇಲ್ಲದಿದ್ದರೆ ಗರಿಗೆ ಅಂಟಿದ ಹಾಲೇ ಪಕ್ಕದ ಬಟ್ಟಲಿಗೆ ತಂದೆಯಾಗುತ್ತದೆ. ಡಿಎನ್‌ಎ ಫಲಿತಾಂಶದಲ್ಲಿ "ಪಟ್ಟಿಗೆ ಹೊಂದದ ತಂದೆ" ಅಂತ ಬರುವುದಕ್ಕೆ ಹೆಚ್ಚಿನ ಸಲ ಇಂಥ ಸಣ್ಣ ಕಾರಣವೇ ಇರುತ್ತದೆ.

ಮೂರು, ಮೊದಲು ಬಲಿತ ನಾಲ್ಕು ಹೆಣ್ಣಿನಿಂದಲೇ ಗುರಿ ಮುಟ್ಟಿತು ಅಂತ ನಿಲ್ಲಿಸುವುದು. ತಡವಾಗಿ ಮೊಟ್ಟೆ ಬಿಡುವ ಗುಣವೇ ತಳಿಯಿಂದ ಅಳಿಸಿಹೋಗುತ್ತದೆ. ಮಳೆ ಯಾವ ವರ್ಷ ಯಾವಾಗ ಬರುತ್ತದೋ ಗೊತ್ತಿಲ್ಲದ ಹೊಳೆಗೆ ಆ ಗುಣ ಬೇಕೇ ಬೇಕು. ಶುರುವಿನಿಂದ ಕೊನೆಯವರೆಗೆ ಪ್ರತಿ ವಾರದ ಹೆಣ್ಣಿಗೂ ಪಾಲು ಇಡಿ.

ಹಾಗೆಯೇ ಹ್ಯಾಚರಿಯಲ್ಲಿ ಹುಟ್ಟಿದ್ದನ್ನೇ ಮತ್ತೆ ಮತ್ತೆ ತಾಯಿ ಮಾಡಬೇಡಿ. ಒರೆಗಾನ್‌ನ ಹುಡ್ ನದಿಯ ಸ್ಟೀಲ್‌ಹೆಡ್ ಮೀನಿನ ಮೇಲೆ ಅರಾಕಿ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಾಕಣೆಯ ಒಂದೊಂದು ತಲೆಮಾರಿಗೆ ಹೊಳೆಯಲ್ಲಿ ಮರಿ ಮಾಡುವ ಸಾಮರ್ಥ್ಯ ಸುಮಾರು ಶೇ. 40 ಇಳಿಯಿತು.

ಕೆಳದಂಡೆ

ಇಷ್ಟೆಲ್ಲ ಓದಿದ ಮೇಲೂ ಒಂದು ತಕರಾರು. ಡುಬ್ಬದ ಮೀನಿನ ಮರಿ ಮೇಲೆ ಬರದೇ ಇರುವುದಕ್ಕೆ ಕಾರಣ ಹೊಳೆಯಲ್ಲಿ ಹಾಗೇ ಇದ್ದರೆ ಡಿಎನ್‌ಎ ನೋಡಿ ಬಿಟ್ಟ ಮರಿಯೂ ಅದೇ ದಾರಿ ಹಿಡಿಯುತ್ತದೆ. ಸಿಡಿಮದ್ದು, ಮರಳು ತೆಗೆಯುವುದು, ಬೇಸಿಗೆಯಲ್ಲಿ ಅಣೆಕಟ್ಟಿನಿಂದ ಹಠಾತ್ ನೀರು ಏರಿಸಿ ಇಳಿಸುವುದು, ಜೊತೆಗೆ ಆಗಲೇ ತುಂಬಿಕೊಂಡಿರುವ ಖುದ್ರಿ. ಜಲ್ಲಿಕಲ್ಲಿನ ಹರಿವಿನಲ್ಲಿ ಮೊಟ್ಟೆ ಇಡುವ ಮೀನಿಗೆ ಜಲ್ಲಿಯೇ ಇಲ್ಲದಿದ್ದರೆ ಹತ್ತು ಗಂಡೋ ಎರಡು ಗಂಡೋ, ಏನು ವ್ಯತ್ಯಾಸ? ಮೋಯಾರ್‌ನಲ್ಲಿ ಉಳಿದಿರುವುದನ್ನು ಕಾಯುವುದೇ ಮೊದಲ ಕೆಲಸ ಆಗಬೇಕು. ಅಲ್ಲಿಂದ ತಾಯಿಮೀನು ಎತ್ತುವುದೂ ಒಂದು ನಷ್ಟವೇ.

ಈಜುರೆಕ್ಕೆ

ತಕರಾರು ಸರಿಯಾಗಿದೆ, ಅದಕ್ಕೇ ಮಾದರಿ ತೆಗೆಯುವುದನ್ನು ಮೊದಲು ಇಟ್ಟದ್ದು. ಮೋಯಾರ್‌ನ ರೆಕ್ಕೆ ಚೂರುಗಳು ಮರಿ ಬಿಡಬೇಕೋ ಬೇಡವೋ ಅನ್ನುವುದನ್ನೂ ಹೇಳುತ್ತವೆ. ಅಲ್ಲಿ ಬೇರೆ ಬೇರೆ ವಯಸ್ಸಿನ ಮರಿ ಸಿಕ್ಕು, ಅವು ಹಲವು ತಂದೆತಾಯಿಯ ಮಕ್ಕಳು ಅಂತ ಕಂಡರೆ ಮುಟ್ಟದೆ ಕಾಯುವುದೇ ಸರಿ. ಸಿಕ್ಕ ಮರಿಯೆಲ್ಲ ಎರಡು ಮೂರು ಕುಟುಂಬದವೇ ಆದರೆ ಕೆಲವು ಮರಿಯನ್ನು ಒಳಗೆ ತರಬೇಕು. ತರುವುದಾದರೆ ದೊಡ್ಡ ತಾಯಿಮೀನು ಬೇಡ, ಸಣ್ಣವನ್ನೇ ತನ್ನಿ. ಸಣ್ಣವುಗಳಲ್ಲಿ ಹೆಚ್ಚಿನವು ಹೇಗೂ ಹೊಳೆಯಲ್ಲಿ ಬದುಕುತ್ತಿರಲಿಲ್ಲ, ದೊಡ್ಡ ಹೆಣ್ಣು ಇನ್ನೂ ಹಲವು ವರ್ಷ ಮೊಟ್ಟೆ ಇಡುತ್ತದೆ.

ಕೊನೆಯ ಪ್ರಶ್ನೆಗೆ: ಬಿಡುವ ಮರಿಗೆಲ್ಲ ಟ್ಯಾಗು ಹಾಕುವ ಅಗತ್ಯವಿಲ್ಲ. ತಂದೆತಾಯಿ ಎಲ್ಲದರ ಡಿಎನ್‌ಎ ಪಟ್ಟಿ ಇದ್ದರೆ ಪ್ರತಿ ಮರಿಯೂ ಹುಟ್ಟುತ್ತಲೇ ಗುರುತು ಹೊತ್ತಿರುತ್ತದೆ. ಐದು ವರ್ಷದ ನಂತರ ಸಿಕ್ಕ ಮೀನಿನ ಚೂರನ್ನು ಪಟ್ಟಿಯ ಜೊತೆ ಹೋಲಿಸಿದರೆ ಯಾವ ಹೆಣ್ಣು, ಯಾವ ಗಂಡು, ಯಾವ ವರ್ಷ ಅಂತ ಬರುತ್ತದೆ. ಅಮೆರಿಕದ ಸ್ನೇಕ್ ನದಿಯ ಸಾಲ್ಮನ್ ಹ್ಯಾಚರಿಗಳು ಹೀಗೇ ಮಾಡುತ್ತವೆ. ಇದಕ್ಕೆ ಒಳ್ಳೆಯ ವೈವಿಧ್ಯವಿರುವ ನೂರಕ್ಕೂ ಹೆಚ್ಚು ಸ್ನಿಪ್ ಬೇಕು. ಜಾತಿ ಗುರುತಿಸುವ ಫಲಕ ಇದಕ್ಕೆ ಆಗುವುದಿಲ್ಲ, ಅದರಲ್ಲಿ ಒಂದೇ ಜಾತಿಯ ಮೀನೆಲ್ಲ ಒಂದೇ ಥರ ಕಾಣುತ್ತವೆ. ಒಬ್ಬ ತಂದೆಯ ಚೂರು ತಪ್ಪಿಹೋದರೂ ಅವನ ಮಕ್ಕಳೆಲ್ಲ "ಹೊಳೆಯಲ್ಲೇ ಹುಟ್ಟಿದವು" ಅಂತ ಲೆಕ್ಕಕ್ಕೆ ಬಂದು ಯೋಜನೆ ಗೆದ್ದಂತೆ ಸುಳ್ಳು ಚಿತ್ರ ಕೊಡುತ್ತವೆ. ಆದ್ದರಿಂದ ಹಿಂಡುವ ಮುಂಚೆ ಚೂರು, ಆಮೇಲೆ ಹಾಲು. ತಾಯಿಮೀನಿಗೆ ಮಾತ್ರ 12 ಮಿ.ಮೀ. ಪಿಐಟಿ ಟ್ಯಾಗು (ಮೈಯೊಳಗೆ ಇಡುವ, ಯಂತ್ರದಿಂದ ಓದುವ ಸಂಖ್ಯೆಯ ಚಿಪ್) ಹಾಕಿ, 134.2 ಕಿಲೋಹರ್ಟ್ಸ್‌ನದು. ಬೇರೆ ಆವರ್ತನದ್ದು ಬೆರೆತರೆ ಒಂದು ಯಂತ್ರ ಓದಿದ್ದನ್ನು ಇನ್ನೊಂದು ಓದುವುದಿಲ್ಲ.

ಹೊಳೆಯಲ್ಲಿ ಹುಡುಕಬೇಕಾದದ್ದು ಬಿಟ್ಟ ಮೀನಿಗಿಂತ ಅದರ ಮಕ್ಕಳನ್ನು. ಪಟ್ಟಿಗೆ ನೇರ ಹೊಂದದ, ಆದರೆ ಪಟ್ಟಿಯಲ್ಲಿರುವವರ ಮೊಮ್ಮಕ್ಕಳು ಅಂತ ಬರುವ ಬೆರಳುದ್ದದ ಮರಿ ಸಿಕ್ಕ ದಿನ ಬಿಡುವುದನ್ನು ಕಡಿಮೆ ಮಾಡಲು ಶುರು ಮಾಡಿ.

ಹೊಳೆಸಾಲು

20,000 ಮರಿ ಬೇಡ ಅಂತ ತಿಳಿಸುತ್ತೇವೆ. ಮೊದಲು ಅನುಮತಿ ಅರ್ಜಿ, ಆಮೇಲೆ ರೆಕ್ಕೆ ಚೂರು. ಕೊಳವೆಗಳ ಮೇಲೆ ಮಾರ್ಕರ್ ಪೆನ್ನಿನಲ್ಲಿ ಸಂಖ್ಯೆ ಬರೆದರೆ ಸಾಕೇ?

ಮೊಟ್ಟೆತಟ್ಟೆ

ಸಾಲದು. ಒಂದು ಹನಿ ಎಥನಾಲ್ ಸೋರಿದರೆ ಆ ಬರಹ ಅಳಿಸಿಹೋಗುತ್ತದೆ. ದಪ್ಪ ಕಾಗದದ ಚೂರಿನ ಮೇಲೆ ಸೀಸದ ಕಡ್ಡಿಯಲ್ಲಿ ಸಂಖ್ಯೆ, ದಿನಾಂಕ, ಮಡುವಿನ ಹೆಸರು ಬರೆದು ಕೊಳವೆಯ ಒಳಗೇ ಹಾಕಿ. ಅದೇ ಸಂಖ್ಯೆ ಕಾಣುವಂತೆ ಮೀನಿನ ಪಕ್ಕದಲ್ಲಿಟ್ಟು, ರೆಕ್ಕೆಯ ಬಣ್ಣ, ಡುಬ್ಬ ಎರಡೂ ಸಿಗುವ ಹಾಗೆ ಪಕ್ಕದಿಂದ ಒಂದು ಫೋಟೊ ತೆಗೆಯಿರಿ.